ಇಪ್ಪತ್ತಮೂರು ಅಕ್ಷರಗಳ ಬೀಗ

ನಮ್ಮ ಕಾಕಾನ ಲಾಜಿನಲ್ಲಿ ವೈಫೈ ಪೆಟ್ಟಿಗೆ ಇದ್ದದ್ದು ಕಬ್ಬಿಣದ ಕಪಾಟಿನೊಳಗೆ. ಕಪಾಟಿಗೆ ಬೀಗ, ಬೀಗದ ಕೈ ಕಾಕಾನ ಉಡದಾರದಲ್ಲಿ. ವೈಫೈ ಸುರಕ್ಷಿತವಾಗಿರಬೇಕು ಎಂದು ಯಾರೋ ಹೇಳಿದ್ದನ್ನು ಅವನು ಹೀಗೆ ಅರ್ಥ ಮಾಡಿಕೊಂಡಿದ್ದ. ಸಿಗ್ನಲ್ ಪಾಪ ಕಪಾಟಿನ ಬಾಗಿಲ ತನಕ ಬಂದು, ತಲೆ ಚಚ್ಚಿಕೊಂಡು ವಾಪಸ್ ಹೋಗುತ್ತಿತ್ತು. ಮೇಲಿನ ಮಹಡಿಯವರು ಫೋನನ್ನು ಕಿಟಕಿಯಿಂದ ಹೊರಗೆ ಚಾಚಿ ಊರಿಗೆ ಮಾತಾಡುತ್ತಿದ್ದರು. ಯಾರ ಕಿಡ್ನಿಯಲ್ಲಿ ಎಷ್ಟು ಕಲ್ಲಿವೆ ಎಂಬುದು ಕೆಳಗಿನ ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ ಬಾಯಿಪಾಠವಾಗಿತ್ತು.

ಲಾಜ್ ಇರುವುದು ಮುಂಬೈಯ ಸಯನ್‌ನಲ್ಲಿ, ದೊಡ್ಡ ಆಸ್ಪತ್ರೆಯ ಹತ್ತಿರ. ಒಂಬತ್ತು ಕೋಣೆ, ಎರಡು ಮಹಡಿ. ವಿಜಯಪುರ, ಬೆಳಗಾವಿ ಕಡೆಯಿಂದ ರೋಗಿಗಳ ಜೊತೆ ಬಂದವರು ಅಲ್ಲಿ ಇಳಿದುಕೊಳ್ಳುತ್ತಾರೆ. ನಾನು ಅದೇ ಮುಂಬೈಯ ಜೋಗೇಶ್ವರಿಯವಳು. ಕಳೆದ ವರ್ಷ ಹನ್ನೊಂದನೆಯ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಗೆ ಅಲ್ಲಿಗೆ ಹೋಗಿದ್ದೆ. ಆಗ ನನ್ನ ವಯಸ್ಸು ಹದಿನಾರು, ತಾಂತ್ರಿಕ ಅನುಭವ, ನನ್ನದೇ ಅಂದಾಜಿನಲ್ಲಿ, ನಲವತ್ತು ವರ್ಷ. ಒಮ್ಮೆ ಕಾಕಾನ ಹೆಂಡತಿ ಕಾಕುವಿನ ಫೋನನ್ನು ಆಫ್ ಮಾಡಿ ಆನ್ ಮಾಡಿದ್ದೆ, ಅದು ಸರಿಹೋಗಿತ್ತು. ಅಂದಿನಿಂದ ಮನೆಯವರು ನನ್ನನ್ನು ಎಂಜಿನಿಯರ್ ಎಂದೇ ತಿಳಿದಿದ್ದರು. ಅವರ ನಂಬಿಕೆ ಮುರಿಯಲು ನನಗೆ ಮನಸ್ಸಾಗಲಿಲ್ಲ.

ಆ ಬೇಸಿಗೆಯಲ್ಲಿ ಕೋಣೆಗಳು ಖಾಲಿ ಬೀಳತೊಡಗಿದ್ದವು. ಬಿಲ್ಡಿಂಗಿನ ಮಾಲೀಕ ಎರಡೂ ಮಹಡಿಗಳನ್ನು ಕೋಚಿಂಗ್ ಕ್ಲಾಸಿಗೆ ಕೊಡುವ ಮಾತಾಡುತ್ತಿದ್ದ. ಶುಕ್ರವಾರ ಸಂಜೆಯೊಳಗೆ ಲಾಜ್ ಬಿಡುತ್ತೀಯೋ ಇಲ್ಲವೋ ಹೇಳು ಎಂದು ಕಾಕಾನಿಗೆ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಮಲಾಡಿನ ಒಂದು ಕಂಪನಿಯಿಂದ ಫೋನ್ ಬಂತು. ತರಬೇತಿಗೆ ಬರುವ ಹುಡುಗಿಯರಿಗೆ ವರ್ಷವಿಡೀ ಆರು ಕೋಣೆ ಬೇಕಂತೆ. ಅವರು ಕೆಲಸ ಮಾಡುವುದು ಜನರ ಆಸ್ಪತ್ರೆ ಕಾಗದಗಳ ಮೇಲೆ, ಹಾಗಾಗಿ ವೈಫೈ ಗಟ್ಟಿಯಾಗಿರಬೇಕು, ಬೇರೆಯವರು ಒಳಗೆ ನುಸುಳುವಂತಿರಬಾರದು. ಶುಕ್ರವಾರ ಹನ್ನೊಂದಕ್ಕೆ ಒಬ್ಬ ಮೇಡಂ ಬಂದು ನೋಡುತ್ತಾರೆ. ಅವರು ಒಪ್ಪಿದರೆ ಲಾಜ್ ಉಳಿಯುತ್ತದೆ, ಇಲ್ಲವಾದರೆ ಇಪ್ಪತ್ತು ವರ್ಷದ ಲಾಜಿಗೆ ಬಾಗಿಲು. ಕಾಕು ಅಂದಿನಿಂದ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆಯುತ್ತಿದ್ದಳು. ನಾವು ಯಾರೂ ಬಾಯಿ ಬಿಡದೆ ಕುಡಿಯುತ್ತಿದ್ದೆವು.

ಮೂರು ದಿನ ನಾನು ಮಾಡಿದ ಕೆಲಸವನ್ನು ನೋಡಿದ್ದರೆ ದೊಡ್ಡ ದೊಡ್ಡ ಕಂಪನಿಗಳು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದವು. ಪೆಟ್ಟಿಗೆಯನ್ನು ಕಪಾಟಿನಿಂದ ಬಿಡುಗಡೆ ಮಾಡಿ ಗೋಡೆಯ ಮೇಲೆ ಎತ್ತರಕ್ಕೆ ಏರಿಸಿದೆ. ಕೇಬಲ್‌ನವನನ್ನು ಕರೆಸಿ ಮೇಲಿನ ಮಹಡಿಗೂ ತಂತಿ ಎಳೆಸಿ ಇನ್ನೊಂದು ಪೆಟ್ಟಿಗೆ ಹಾಕಿಸಿದೆ. ಅತಿಥಿಗಳಿಗೆ ಒಂದು ವೈಫೈ. ಗುರುತಿನ ಚೀಟಿಗಳ ಫೋಟೋ ಇಡುವ ಕಚೇರಿ ಕಂಪ್ಯೂಟರಿಗೆ ಬೇರೆ. ಕ್ಯಾಮೆರಾಗಳಿಗೆ ಇನ್ನೂ ಬೇರೆ. ಹಳೆಯ ಪಾಸ್‌ವರ್ಡ್ ಲಾಜಿನ ಫೋನ್ ನಂಬರೇ ಆಗಿತ್ತು, ಅದು ಹೊರಗಿನ ಬೋರ್ಡಿನ ಮೇಲೆಯೇ ಇತ್ತು. ನಾನು ಇಪ್ಪತ್ತಮೂರು ಅಕ್ಷರಗಳ ಹೊಸದೊಂದನ್ನು ಹುಟ್ಟಿಸಿದೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ನಕ್ಷತ್ರ, ಏನುಂಟು ಏನಿಲ್ಲ! ಅದು ಎಷ್ಟು ಸುಂದರವಾಗಿತ್ತೆಂದರೆ ಒಂದೇ ಬಾಗಿಲಿಗೆ ಹಾಕಿ ದಂಡ ಮಾಡಲು ಮನಸ್ಸು ಬರಲಿಲ್ಲ. ಎಲ್ಲ ಬಾಗಿಲಿಗೂ ಅದನ್ನೇ ಹಾಕಿದೆ. ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ಬದಲಿಸುವ ಬಾಗಿಲಿಗೂ ಅದನ್ನೇ.

ಶುಕ್ರವಾರ ಮೇಡಂ ಬಂದರು. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮುಂಬೈ. ಹಿಂದಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬರುತ್ತಿದ್ದರು. ಅವರು ಕೂರುವ ಮೊದಲೇ ನಮ್ಮ ಅಜ್ಜಿ ಬೆಲ್ಲ, ನೀರು ತಂದಿಟ್ಟಳು. ಬಾಗಿಲಿಗೆ ಯಾರೇ ಬರಲಿ, ಅಜ್ಜಿ ಮೊದಲು ಬೆಲ್ಲ ನೀರು ಕೊಡುತ್ತಾಳೆ, ಆಮೇಲೆ ಹೆಸರು ಕೇಳುತ್ತಾಳೆ. ಪೋಸ್ಟ್‌ಮನ್ನನಿಗೂ ಅದೇ, ತಪ್ಪಿ ಬಂದವರಿಗೂ ಅದೇ.

ಮೇಡಂ ಲ್ಯಾಪ್‌ಟಾಪ್ ತೆಗೆದು ಒಂದೊಂದು ಕೋಣೆಯಲ್ಲೂ ಕೂತು ನೋಡಿದರು. ಮೇಲಿನ ಮಹಡಿಯ ಮೂಲೆಯ ಕೋಣೆಯಲ್ಲೂ ವೀಡಿಯೋ ನಿಲ್ಲದೆ ಓಡಿತು. ಕಾಕಾ ನನ್ನ ಬೆನ್ನು ತಟ್ಟಿ, ಇದೆಲ್ಲ ನಮ್ಮ ಹುಡುಗಿಯದೇ ಕೆಲಸ ಎಂದು ನಾಲ್ಕನೆಯ ಸಲ ಹೇಳಿದ. ನಾನು ವಿನಯ ತೋರಿಸಲು ನೆಲ ನೋಡಿದೆ. ನನಗೆ ವಿನಯ ಅಷ್ಟಾಗಿ ಅಭ್ಯಾಸವಿಲ್ಲ, ಕುತ್ತಿಗೆ ನೋಯಿತು.

ಕೆಳಗೆ ಬಂದು ಕೂತ ಮೇಲೆ ಮೇಡಂ ಲೋಟ ಎತ್ತಿದರು. ಲೋಟದ ಅಡಿಯಲ್ಲಿ ಮಡಚಿದ ಒಂದು ಚೀಟಿ ಇತ್ತು. ಬಿಡಿಸಿದರೆ ನನ್ನ ಇಪ್ಪತ್ತಮೂರು ಅಕ್ಷರಗಳು, ಕಾಕುವಿನ ದುಂಡಗಿನ ಕೈಬರಹದಲ್ಲಿ. ಇದು ಬಂದವರಿಗೆಲ್ಲ ಕೊಡುವುದೇ ಎಂದು ಅವರು ಕೇಳಿದರು. ಅಜ್ಜಿ ಸಂತೋಷದಿಂದ ಹೌದೆಂದಳು. ಮಂದಿ ಈಗ ನೀರಿಗಿಂತ ಮೊದಲು ಇದನ್ನೇ ಕೇಳುತ್ತಾರೆ, ಅದಕ್ಕೆ ಎರಡನ್ನೂ ಕೂಡಿಸಿಯೇ ಕೊಡುತ್ತೇನೆ ಎಂದಳು. ಚೀಟಿಗಳನ್ನು ಅವಳು ಕಾಕುವಿನ ಕೈಲಿ ಕಟ್ಟುಗಟ್ಟಲೆ ಬರೆಸಿದ್ದಳು.

ಮೇಡಂ ಲ್ಯಾಪ್‌ಟಾಪನ್ನು ಮತ್ತೆ ಹತ್ತಿರ ಎಳೆದುಕೊಂಡರು. ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ಪುಟ ತೆರೆದರು. ಅದು ಪಾಸ್‌ವರ್ಡ್ ಕೇಳಿತು. ಅವರು ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತತೊಡಗಿದರು. ಇಪ್ಪತ್ತಮೂರನೆಯದಕ್ಕೆ ಪುಟ ತೆರೆದುಕೊಂಡಿತು.

ಆವತ್ತು ಲಾಜಿನಲ್ಲಿದ್ದದ್ದು ಏಳು ಜನ. ವೈಫೈಯಲ್ಲಿದ್ದದ್ದು ನಲವತ್ತೊಂದು. ಎದುರಿನ ಟೇಲರ್‌ನ ಟಿವಿ ಇತ್ತು. ಒಂದು ಫ್ರಿಜ್ಜೂ ಇತ್ತು! ಫ್ರಿಜ್ಜು ಇಂಟರ್‌ನೆಟ್ಟಿನಲ್ಲಿ ಏನು ನೋಡುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಮೇಡಂ ಇನ್ನೊಂದು ಗುಂಡಿ ಒತ್ತಿದರು. ಮೂರೂ ವೈಫೈಗಳ ನಡುವಿನ ಗೋಡೆಯನ್ನು ಈ ಚೀಟಿ ಇದ್ದ ಯಾರು ಬೇಕಾದರೂ ತೆಗೆಯಬಹುದು ಎಂದು ಕಾಕಾನಿಗೆ ತೋರಿಸಿದರು. ಅದನ್ನು ತೆಗೆದರೆ ಅತಿಥಿಗಳ ಆಧಾರ್ ಫೋಟೋಗಳಿರುವ ಕಂಪ್ಯೂಟರ್ ಓಣಿಗೆಲ್ಲ ತೆರೆದ ಹಾಗೆ.

ಕಾಕಾ ಅಜ್ಜಿಯ ಕಡೆ ತಿರುಗಿದ.

"ಯವ್ವಾ, ಇದೇನ ಮಾಡಿಟ್ಟಿ? ಇದು ನೀರಲ್ಲಬೇ, ಕಂಡಕಂಡವರಿಗೆ ಕೊಡಾಕ."

"ಬಾಗಲಾಗ ನಿಂತಾವ್ರಿಗೆ ಇಲ್ಲ ಅಂತ ಹೆಂಗ ಅನ್ನೂದೋ?" ಎಂದಳು ಅಜ್ಜಿ. ಅವಳ ದನಿ ಸಣ್ಣದಾಗಿತ್ತು.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಸುಮ್ಮನಿದ್ದೆ. ಅಜ್ಜಿ ಕೊಟ್ಟದ್ದು ಅತಿಥಿಗಳ ಪಾಸ್‌ವರ್ಡ್, ಅದು ಕೊಡುವುದಕ್ಕೇ ಇದ್ದದ್ದು. ಅದರಿಂದಲೇ ಒಳಗಿನ ಬಾಗಿಲೂ ತೆರೆದರೆ ತಪ್ಪು ಯಾರದು ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಮೇಡಂ, ಇನ್ನೊಬ್ಬಳು ನಾನು. ಅವರು ಕಾಕಾನನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ನನ್ನನ್ನೇ ನೋಡಿದರು. ಕಾಕಾ ಅಜ್ಜಿಗೆ ಇನ್ನೂ ಏನೇನೋ ಅನ್ನುತ್ತಿದ್ದ. ಅಜ್ಜಿ ಚೀಟಿಗಳ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

"ಕಾಕಾ, ಅಜ್ಜಿಗೆ ಅನ್ನಬ್ಯಾಡ," ಎಂದೆ. "ಎಲ್ಲಾದಕ್ಕೂ ಒಂದ ಪಾಸ್‌ವರ್ಡ್ ಹಾಕಿದ್ದು ನಾನು."

ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಸಲ ತಟ್ಟಿದ್ದ ಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡ, ಅಷ್ಟೇ.

"ಒಂದು ಗಂಟೆಗೆ ನಾನು ಆಫೀಸಿಗೆ ಫೋನ್ ಮಾಡ್ಬೇಕು," ಎಂದರು ಮೇಡಂ. "ಈಗ ಮಾಡಿದ್ರೆ ಬೇಡ ಅಂತ್ಲೇ ಹೇಳ್ಬೇಕಾಗ್ತದೆ. ನೀನೇ ಹಾಕಿದ್ದಲ್ಲಾ, ನೀನೇ ಸರಿ ಮಾಡು."

ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ನಾನು ಮೂರು ವೈಫೈಗಳಿಗೆ ಮೂರು ಬೇರೆ ಪಾಸ್‌ವರ್ಡ್ ಹಾಕಿ, ಅತಿಥಿಗಳು ಒಳಗಿನ ಪುಟವನ್ನು ತಲುಪದ ಹಾಗೆ ಮಾಡಿ, ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದೆ. ದೀಪ ಕೆಂಪಾಗಿಯೇ ನಿಂತಿತು. ಒಂದು ನಿಮಿಷ, ಎರಡು, ಐದು. ನನ್ನ ನಲವತ್ತು ವರ್ಷಗಳ ಅನುಭವ ಎಲ್ಲಿ ಹೋಯಿತೋ, ದೇವರ ಫೋಟೋಕ್ಕೂ ಪೆಟ್ಟಿಗೆಗೂ ಒಂದೇ ಸಲ ಕೈಮುಗಿದೆ. ಮೇಲಿನ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಆರನೆಯ ನಿಮಿಷಕ್ಕೆ ದೀಪ ಹಸಿರಾಯಿತು.

ಅಷ್ಟು ಹೊತ್ತಿಗೆ ಟೇಲರ್ ಬಾಗಿಲಿಗೆ ಬಂದು ನಿಂತಿದ್ದ, ಕೊರಳಲ್ಲಿ ಟೇಪು. ಟಿವಿಯಲ್ಲಿ ಮ್ಯಾಚು ನಿಂತುಹೋಗಿದೆ, ಹೊಸ ಚೀಟಿ ಕೊಡಿ ಎಂದು ಅಜ್ಜಿಯನ್ನು ಕೇಳಿದ. ಹತ್ತು ವರ್ಷದಿಂದ ಅಜ್ಜಿಯ ಕುಪ್ಪಸ ಹೊಲಿಯುವವನು. ಮೇಡಂ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. ಕಾಕು ಅಜ್ಜಿಯನ್ನೇ ನೋಡಿದಳು. ಅಜ್ಜಿ ತಂಬಿಗೆಯಿಂದ ಲೋಟಕ್ಕೆ ನಿಧಾನವಾಗಿ ನೀರು ಬಗ್ಗಿಸಿದಳು.

"ಅದು ಇಲ್ಲಪ್ಪಾ ಇನ್ನ," ಎಂದಳು ಕೊನೆಗೆ. "ಒಳಗ ಇಳಕೊಂಡವ್ರಿಗೆ ಅಷ್ಟ. ಕುಂದ್ರು, ನೀರ ಕುಡಿ."

ಅವನು ಕೂರಲಿಲ್ಲ. ಅಜ್ಜಿ ಲೋಟ ಹಿಡಿದುಕೊಂಡೇ ನಿಂತಳು.

ಒಳಗಿನ ಬಾಗಿಲಿನ ಪಾಸ್‌ವರ್ಡನ್ನು ಮಾತ್ರ ನಾನು ಹಾಕಕೂಡದು, ಲಾಜಿನ ಯಜಮಾನಿಯೇ ಹಾಕಬೇಕು ಎಂದರು ಮೇಡಂ. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕಾಕು ಕೀಲಿಮಣೆಗೆ ಸೆರಗು ಮುಚ್ಚಿ ಒಂದೇ ಬೆರಳಿನಲ್ಲಿ ಒತ್ತುತ್ತಾ ಹೋದಳು. ಅವಳು ಮುಗಿಸುವಷ್ಟರಲ್ಲಿ ನನಗೆ ಹದಿನೇಳು ತುಂಬುತ್ತದೆ ಎನಿಸಿತು.

ಮೇಡಂ ಹಳೆಯ ಚೀಟಿ ಹಾಕಿ ನೋಡಿದರು. ತೆರೆಯಲಿಲ್ಲ. ಫೋನ್ ಹಿಡಿದು ಮೆಟ್ಟಿಲಿಗೆ ಹೋದರು. ನಾಲ್ಕು ಜನ ನಾವು ಅವರ ಬೆನ್ನನ್ನೇ ನೋಡುತ್ತಾ ಕೂತೆವು. ಬೆನ್ನು ಏನೂ ಹೇಳಲಿಲ್ಲ. ತಿರುಗಿ ಬಂದು, ಆರಲ್ಲ, ಸದ್ಯಕ್ಕೆ ನಾಲ್ಕು ಕೋಣೆ, ಮೂರು ತಿಂಗಳು ನೋಡುತ್ತೇವೆ ಎಂದರು.

ಕಾಕಾ ಚಪ್ಪಲಿ ಮೆಟ್ಟಿಕೊಂಡು ಮಾಲೀಕನ ಮನೆಗೆ ಹೊರಟ, ಕೋಚಿಂಗ್‌ನವರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿ ಎನ್ನಲು. ಬಾಗಿಲಲ್ಲಿ ನಿಂತು ನನ್ನನ್ನೂ ಬಾ ಎಂದ. ನಾನೂ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟೆ.