ವಿಹಾರ್ ಕೆರೆಗೆ ಉಡಿ ತುಂಬಿದ್ದು

ಮುಂಬಯಿಗೆ ಕುಡಿಯುವ ನೀರು ವಿಹಾರ್ ಕೆರೆಯಿಂದಲೂ ಬರುತ್ತದೆ ಎಂದು ಅವ್ವನಿಗೆ ಹೇಳಿದ್ದೇ ತಪ್ಪಾಯಿತು. "ಇಷ್ಟು ಮಂದೀನ ಸಾಕೂ ತಾಯಿ ಹಂತೇಕ ಬರಿಗೈಲೆ ಹ್ಯಾಂಗ ಹೋಗೂದೋ ತಮ್ಮಾ?" ಎಂದಳು. ನಾವು ವಿಜಾಪುರದ ಕಡೆಯವರು. ತುಂಬಿದ ನೀರು ಕಂಡರೆ ನಮ್ಮ ಹೆಣ್ಣುಮಕ್ಕಳು ಉಡಿ ತುಂಬದೆ ಹಿಂತಿರುಗುವವರಲ್ಲ.

ಐವತ್ತರ ದಶಕದ ಮಾತು. ನಾನು ವಡಾಲದ ಚಾಳಿನಲ್ಲಿದ್ದೆ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಮಳೆಗಾಲ ಮುಗಿದ ಮೇಲೊಂದು ಭಾನುವಾರ ಕಚೇರಿಯವರೆಲ್ಲ ಲಾರಿ ಮಾಡಿಕೊಂಡು ಪಿಕ್‌ನಿಕ್‌ಗೆ ಹೊರಟೆವು. ಊರಿಂದ ಬಂದಿದ್ದ ಅವ್ವನನ್ನೂ ಕರೆದೊಯ್ದೆ. ಎಲ್ಲರಿಗೂ ಆಗುವಷ್ಟು ರೊಟ್ಟಿ, ಎಣಗಾಯಿ ಮಾಡಿ ಗಂಟು ಕಟ್ಟಿದ್ದಳು. ಆದರೆ ಲಾರಿಯಲ್ಲಿ ಅವಳನ್ನು ಯಾರಿಗೂ ಪರಿಚಯಿಸಲಿಲ್ಲ. ಮರೆತೆ ಎಂದು ಈಗ ಸುಳ್ಳು ಹೇಳುವುದಿಲ್ಲ. ಅವಳ ಕಚ್ಚೆ ಸೀರೆ, ಹಣೆತುಂಬ ಕುಂಕುಮ, ದೊಡ್ಡ ದನಿ ಎಲ್ಲವೂ ನನಗೆ ನಾಚಿಕೆ ತರುತ್ತಿದ್ದವು. ಅಂಥ ಮಹಾ ಗುಮಾಸ್ತ ನಾನು!

ನಾವು ಮರದಡಿ ಇಸ್ಪೀಟು ಆಡುತ್ತಿದ್ದಾಗ ಅವ್ವ ದಂಡೆಗೆ ಹೋಗಿ ಕುಬಸದ ಕಣ, ತೆಂಗಿನಕಾಯಿ, ಅರಿಸಿನದ ಕೊಂಬು ನೀರಿಗೆ ಬಿಟ್ಟು ಕೈಮುಗಿದಳು. ಕಾವಲುಗಾರ ಓಡಿಬಂದ. "ಏ ಬಾಯೀ! ಪೀನೇ ಕಾ ಪಾನೀ ಹೈ, ಕ್ಯಾ ಡಾಲತೀ ಹೈ?" ಎಂದು, ಕುಡಿಯುವ ನೀರಿಗೆ ಏನು ಹಾಕುತ್ತೀಯೆಂದು ಕೂಗಾಡಿದ. ಎಲ್ಲರೂ ತಿರುಗಿ ನೋಡಿ ನಕ್ಕರು. ಅವನೆದುರೇ ಅವ್ವ ಮೊಣಕಾಲವರೆಗೆ ನೀರಿಗಿಳಿದು ಎಲ್ಲವನ್ನೂ ಹೆಕ್ಕಿಕೊಂಡು ನಮ್ಮತ್ತ ಬಂದಳು.

ಕಾರಿನಲ್ಲಿ ಬಂದಿದ್ದ ನಮ್ಮ ಸಾಹೇಬರ ಹೆಂಡತಿ ಮರಾಠಿಯಲ್ಲಿ ಕೇಳಿದರು, "ತುಮಚೀ ಆಯೀ ಕಾ?"

ನಿಮ್ಮ ತಾಯಿಯೇ ಎಂದು ಕೇಳಿದ್ದು, ಅಷ್ಟೆ. ನಾನು ಮರಾಠಿಯಲ್ಲೇ, "ಇಲ್ಲ, ಅಡುಗೆಗೆಂದು ಊರಿಂದ ಕರೆಸಿದ ಹೆಂಗಸು" ಎಂದುಬಿಟ್ಟೆ.

ಅವ್ವನ ತವರು ಸೋಲಾಪುರದ ಹತ್ತಿರ. ಮರಾಠಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದ ಅವಳು ಅಲ್ಲೇ ನಿಂತಳು. ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಊಟಕ್ಕೆ ಕುಳಿತಾಗ ಅವ್ವನೇ ಎಲ್ಲರಿಗೂ ಬಡಿಸಿದಳು. "ನೀವೂ ಕುಳಿತುಕೊಳ್ಳಿ" ಎಂದು ಸಾಹೇಬರ ಹೆಂಡತಿ ಕರೆದರೆ, ಆಮೇಲೆ ಉಣ್ಣುತ್ತೇನೆಂದು ನಗುತ್ತ ಮರಾಠಿಯಲ್ಲಿ ಹೇಳಿದಳು. ಸಾಲಿನ ಕೊನೆಯಲ್ಲಿದ್ದ ನನ್ನ ಮುಂದೆ ಬಂದು ಬಗ್ಗಿದಳು.

"ಸಾಹೇಬರ, ಇನ್ನೊಂದ ರೊಟ್ಟಿ ಹಾಕ್ಲೇನ್ರೀ?"

ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮಾನ ಉಳಿಸುತ್ತಿದ್ದಳು. ಆಗಲಾದರೂ ಒಂದು ಸಲ ಅವ್ವ ಎಂದು ಕರೆದಿದ್ದರೆ ಸಾಕಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ನಾನು ತಲೆ ಎತ್ತದೆ, "ಬೇಡ" ಎಂದೆ.