ಹೂ ನೋಡಲು ಹೊರಟ ಚಾಂದಬೀ ಖಾಲಾ

ಚಾಂದಬೀ ಖಾಲಾ ಕುಳಿತು ಹೂ ಕಟ್ಟಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಫಜಲಪುರದ ಬಸ್ ನಿಲ್ದಾಣದ ಎದುರು, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಅವರ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಟ್ಟಿಗೆಯ ಕಂಬ, ಮೇಲೊಂದು ನೀಲಿ ತಾಡಪತ್ರಿ. ದಾರದ ತುದಿಯನ್ನು ಕಂಬದ ಮೊಳೆಗೆ ಬಿಗಿದು, ಕಂಕುಳಿನ ಬುಟ್ಟಿಯಿಂದ ಹೂ ತೆಗೆದು ಗಂಟು ಹಾಕುತ್ತ, ಮಾಲೆ ಉದ್ದವಾದಂತೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ರಸ್ತೆಯ ಅಂಚು ಮುಟ್ಟಿದಾಗ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಡ್ರೈವರನಿಗೆ ಎರಡು ಮಾತು ಬೈದು, ಮಾಲೆ ಕತ್ತರಿಸಿ, ಮತ್ತೆ ಮೊಳೆಯ ಕಡೆ ನಡೆಯುತ್ತಿದ್ದರು. ಅಂಗಡಿಯಲ್ಲಿ ಒಂದು ಸ್ಟೂಲ್ ಇತ್ತು. ಅದರ ಮೇಲೆ ನೀರಿನ ಕೊಡ ಇರುತ್ತಿತ್ತು.

"ಕುಂತ್ರ ಜೀವ ಚಡಪಡಸ್ತದ್ರಿ ಟೀಚರ" ಎನ್ನುತ್ತಿದ್ದರು.

ನಾನು ಜೇವರ್ಗಿ ಕಡೆಯ ಕೊಳಕೂರಿನವಳು. ಘತ್ತರಗಿ ರಸ್ತೆಯ ಒಂದು ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕಮೇಲೆ ಅಫಜಲಪುರದಲ್ಲಿ ಒಂದು ಕೋಣೆ ಹಿಡಿದಿದ್ದೆ. ದಿನಾ ಬೆಳಿಗ್ಗೆ ಬಸ್ಸಿಗೆ ಕಾಯುವುದು ಅವರ ತಾಡಪತ್ರಿಯ ನೆರಳಲ್ಲೇ. ಖಾಲಾ ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಸೋಲಾಪುರದ ಮಾರ್ಕೆಟ್ಟಿನಿಂದ ಟೆಂಪೊದಲ್ಲಿ ಹೂ ತರುತ್ತಿದ್ದ. ಸೊಸೆ ಶಬಾನಾ ಮನೆಯಲ್ಲಿ ಮದುಮಗನ ಮುಖಕ್ಕೆ ಇಳಿಬಿಡುವ ಹೂವಿನ ಸೆಹರಾ ಕಟ್ಟುತ್ತಿದ್ದಳು. ಘತ್ತರಗಿಯ ಭಾಗ್ಯವಂತಿ ದೇವಿಗೆ ಹೋಗುವ ಹಾರವೂ ದರ್ಗಾಕ್ಕೆ ಹೋಗುವ ಹೂವಿನ ಚಾದರವೂ ಒಂದೇ ಬುಟ್ಟಿಯಿಂದ ಹುಟ್ಟುತ್ತಿದ್ದವು.

ಒಂದು ದಿನ ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಲೆಂದು ಹಿಮಾಲಯದ ಹೂಗಳ ಕಣಿವೆಯ ಬಣ್ಣದ ಚಿತ್ರ ಒಯ್ಯುತ್ತಿದ್ದೆ. ಖಾಲಾ ಅದನ್ನು ಕಸಿದುಕೊಂಡು ನೋಡಿದರು.

"ಇವನ್ನ ಯಾರು ಕಟ್ಟತಾರ್ರಿ?"

"ಯಾರೂ ಕಟ್ಟೂದಿಲ್ಲ. ಅಲ್ಲಿ ಒಂದ ಹೂವೂ ಕೀಳಾಕ ಬಿಡೂದಿಲ್ಲ."

"ಹಂಗಾರ ಏನ ಮಾಡತಾರ?"

"ನೋಡ್ಕೊಂಡು ಬರ್ತಾರ, ಅಷ್ಟ."

ಅವರು ಚಿತ್ರವನ್ನು ಕೊಡಲೇ ಇಲ್ಲ. ಮಕ್ಕಳಿಗೆ ಆ ದಿನ ನಾನು ಬಾಯಿಮಾತಿನಲ್ಲೇ ಹೇಳಬೇಕಾಯಿತು. ಮರುದಿನ ಬೆಳಿಗ್ಗೆ ನಾನು ತಾಡಪತ್ರಿಯ ಕೆಳಗೆ ಕಾಲಿಡುವುದರೊಳಗೆ ಕೇಳಿದರು, "ಅದು ಎಷ್ಟ ದೂರ ಅದ? ರೈಲು ಹೋಗ್ತದೇನು?"

ಅಲ್ಲಿಂದ ಶುರುವಾಯಿತು. ಕಲಬುರಗಿಯಿಂದ ದೆಹಲಿ, ದೆಹಲಿಯಿಂದ ಹರಿದ್ವಾರ, ಅಲ್ಲಿಂದ ಇಡೀ ದಿನ ಬಸ್ಸಿನಲ್ಲಿ ಜೋಶಿಮಠ, ಆಮೇಲೆ ಗುಡ್ಡ ಹತ್ತಿ ನಡೆಯುವುದು. ಇದನ್ನು ಖಾಲಾ ನನ್ನಿಂದ ದಿನಾ ಹೇಳಿಸುತ್ತಿದ್ದರು. ತೊಡಕು ಒಂದೇ. ಆ ಕಣಿವೆ ಅರಳುವುದು ಮಳೆಗಾಲದಲ್ಲಿ. ನಮ್ಮಲ್ಲಿ ಆಗ ಶ್ರಾವಣ. ಹೂವಿನವರು ಅಂಗಡಿ ಬಿಟ್ಟು ಅಲುಗಾಡುವ ಹೊತ್ತಲ್ಲ, ಶಾಲೆಯವರಿಗೂ ರಜೆಯ ಕಾಲವಲ್ಲ. ಶಬಾನಾ ನಗುತ್ತಿದ್ದಳು. "ಮನಿ ತುಂಬ ಹೂ ಬಿದ್ದಾವ. ಹೂ ನೋಡಾಕ ಅಷ್ಟ ದೂರ ಯಾಕ್ರಿ ಅತ್ತಿ?"

"ನಾ ನೋಡಿದ್ದೆಲ್ಲ ಕಿತ್ತಿದ್ದ ಹೂ ಬೇ. ಗಿಡದಾಗ ಇದ್ದಿದ್ದು ಎಷ್ಟ ನೋಡೀನಿ?"

ಅವರು ತಯಾರಿಗೆ ಇಳಿದರು. ನಮ್ಮದು ಎರೆಭೂಮಿ, ಹತ್ತಲು ಗುಡ್ಡವಿಲ್ಲ. ಅಮಾವಾಸ್ಯೆಗೆ ಹೂ ಮಾರಲು ಘತ್ತರಗಿಗೆ ಹೋದಾಗ, ಬುಟ್ಟಿ ಖಾಲಿಯಾದ ಮೇಲೆ ಹೊಳೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದರು. ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ, ಬಾಯಲ್ಲಿ ಎಣಿಸುತ್ತ ಹತ್ತುವ ಈ ಹೆಂಗಸನ್ನು ಕಂಡು ಭಕ್ತರು ಹರಕೆ ಎಂದುಕೊಂಡು ದಾರಿ ಬಿಡುತ್ತಿದ್ದರಂತೆ. ಒಬ್ಬಾಕೆ ಕಾಲಿಗೂ ಬಿದ್ದಳಂತೆ.

"ಮತ್ತ ನೀವು ಏನಂದ್ರಿ?"

"ಏನ ಅನ್ನಬೇಕು, ಒಳ್ಳೇದಾಗ್ಲಿ ಅಂದೆ. ದಮ್ಮ ಹತ್ತಿತ್ತು, ಜಾಸ್ತಿ ಮಾತಾಡಾಕ ಆಗಲಿಲ್ಲ."

ಮೊದಲ ವರ್ಷ ಇಬ್ಬರಿಗೂ ಟಿಕೇಟು ತೆಗೆಸಿದೆವು. ಹೊರಡುವ ವಾರದಲ್ಲಿ ಭೀಮೆ ಉಕ್ಕಿ ಬಂದಳು. ಊರೂರಿನ ರಸ್ತೆ ಮುಚ್ಚಿ ಪ್ರಯಾಣ ನಿಂತಿತು. ನೀರು ಇಳಿಯುವವರೆಗೆ ಖಾಲಾ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆದದ್ದೇ ನಡೆದದ್ದು.

ಮುಂದಿನ ವರ್ಷ ಮತ್ತೆ ತೆಗೆಸಿದೆವು. ಆ ಸಲ ನಡೆದದ್ದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಹೊರಡಲು ಇನ್ನೂ ಮೂರು ವಾರವಿತ್ತು. ಫೋನಿನಲ್ಲಿ ಆ ಕಡೆಯ ಗುಡ್ಡ ಕುಸಿಯುವ ವಿಡಿಯೊಗಳು ಒಂದರ ಹಿಂದೊಂದು ಬರತೊಡಗಿದವು. ಒಂದರಲ್ಲಿ ಇಡೀ ರಸ್ತೆ ಕಣ್ಣೆದುರೇ ಜಾರಿ ನದಿಗೆ ಬಿತ್ತು. ನಾನು ಒಬ್ಬಳೇ ಸೋಲಾಪುರವನ್ನೂ ದಾಟಿದವಳಲ್ಲ. ಪಾಠದ ನಡುವೆಯೂ ಫೋನು ತೆಗೆದು ಆ ವಿಡಿಯೊವನ್ನೇ ನೋಡುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಖಾಲಾಗೆ ಹೇಳಿದೆ, "ರಜಾ ಸಿಗಲಿಲ್ಲರಿ. ಹೆಡ್ಮಾಸ್ತರು ಆಗೂದಿಲ್ಲ ಅಂದ್ರು."

ನಿಜವೆಂದರೆ ನಾನು ರಜೆ ಕೇಳಿಯೇ ಇರಲಿಲ್ಲ.

ಖಾಲಾ ಕೈಯಲ್ಲಿದ್ದ ಸೇವಂತಿಗೆಯನ್ನು ಗಂಟು ಹಾಕಿ ಮುಗಿಸಿದರು. "ಹೌದಾ" ಎಂದರು, ಅಷ್ಟೇ. ವಾರ ಕಳೆದ ಮೇಲೆ ನನ್ನ ಕೋಣೆಗೆ ಬಂದು, ಒಂದು ಹಾಳೆಯಲ್ಲಿ ದಾರಿಯ ಊರುಗಳ ಹೆಸರನ್ನೆಲ್ಲ ಹಿಂದಿಯಲ್ಲಿ ದೊಡ್ಡದಾಗಿ ಬರೆದುಕೊಡಲು ಹೇಳಿದರು.

"ಒಬ್ಬರೇ ಹೋಗ್ತೀರೇನ್ರಿ? ಓದಾಕ ಬರೂದಿಲ್ಲ ನಿಮಗ."

"ಓದಿದವರಿಗೆ ತೋರಸ್ತೇನಿ. ಅಲ್ಲಿ ನಮ್ಮ ಉರ್ದು ಮಾತ ನಡೀತದ. ನೀವು ಬಂದಿದ್ರೂ ನಾನ ಮಾತಾಡಬೇಕಿತ್ತು."

ಬರೆದುಕೊಟ್ಟೆ. ಅವರು ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡರು.

ಅವರು ಒಬ್ಬರೇ ರೈಲು ಹತ್ತಿ ಹೋದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಾ ಎರಡು ಹೊತ್ತು ಅಂಗಡಿಗೆ ಹೋಗಿ, ಅದನ್ನೀಗ ನೋಡಿಕೊಳ್ಳುತ್ತಿದ್ದ ಶಬಾನಾಳನ್ನು ಕೇಳುತ್ತಿದ್ದೆ. ಹರಿದ್ವಾರದಿಂದ ಯಾರದೋ ಫೋನಿನಿಂದ ಒಮ್ಮೆ ಮಾತಾಡಿದ್ದರು, ಆಮೇಲೆ ಜೋಶಿಮಠದಿಂದ. ಅದಾದ ಮೇಲೆ ನಾಲ್ಕು ದಿನ ಸುದ್ದಿ ಇಲ್ಲ. ಮಗ ಟೆಂಪೊ ನಿಲ್ಲಿಸಿ ಮನೆಯಲ್ಲೇ ಕುಳಿತ. ಶಬಾನಾ ಒಂದು ಮಧ್ಯಾಹ್ನ ಹೂ ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನೀವ ಅಲ್ಲೇನ್ರಿ ಹುಚ್ಚ ಹಿಡಸಿದ್ದು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿ ದಣಿವಿತ್ತು.

ಐದನೆಯ ದಿನ ಫೋನು ಬಂತು. ಗುಡ್ಡದ ಮೇಲೆ ನೆಟ್‌ವರ್ಕ್ ಇರಲಿಲ್ಲವಂತೆ. ಎಲ್ಲಿಂದ ಹೊರಟೆ, ಏನು ತಿಂದೆ ಎಂದು ಒಂದೂ ಹೇಳದೆ "ಶ್ಯಾವಂತಿಗಿ ಬಂತೇನು?" ಎಂದು ಅಂಗಡಿಯ ಸುದ್ದಿ ಕೇಳಿ ಇಟ್ಟುಬಿಟ್ಟರು.

ವಾಪಸು ಬಂದವರ ಮುಖ ಚಳಿಗಾಳಿಗೆ ಸುಲಿದಿತ್ತು, ಒಂದು ಕಾಲಿನ ಉಗುರು ಕಪ್ಪಾಗಿತ್ತು. ಬುಟ್ಟಿ ಕಂಕುಳಿಗೇರಿಸಿ ಹೇಳತೊಡಗಿದರು.

"ಮಂಜ ಮುಸುಕಿತ್ತು, ಮಳಿ ಜಿನಗತಿತ್ತು. ಇಷ್ಟ ದೂರ ಬಂದು ಮಂಜ ನೋಡಿ ಹೋಗೂದಾತು ಅಂದ್ಕೊಂಡೆ. ಆಮ್ಯಾಲ ಗಾಳಿ ಬೀಸ್ತು. ನಮ್ಮ ಜೋಳದ ಹೊಲ ಹೆಂಗ ಕಣ್ಣ ಮುಟ್ಟೂತನ ಇರ್ತದ, ಹಂಗ ಹೂ. ನೇರಳಿ, ಹಳದಿ, ಬಿಳಿ. ಹುಟ್ಟಿದಾಗಿಂದ ಹೂವಿನಾಗ ಬೆಳದಾಕಿ, ಒಂದರ ಹೆಸರೂ ಗೊತ್ತಿಲ್ಲ ನನಗ. ಕೈ ಸುಮ್ಮ ಇರಲಿಲ್ರಿ, ತಾನ ಮುಂದ ಹೋಗ್ತಿತ್ತು. ಎರಡೂ ಕೈ ಸೆರಗಿನಾಗ ಸುತ್ಕೊಂಡು ಕಲ್ಲಿನ ಮ್ಯಾಲ ಕುಂತೆ. ಒಂದ ತಾಸು ಕುಂತೆ. ಆಮ್ಯಾಲ ಹೊತ್ತಾತು, ಇಳೀರಿ ಅಂತ ಗಾರ್ಡ್ ಎಬ್ಬಿಸಿದ."

ಒಂದು ತಾಸು. ಅದಕ್ಕೆ ಹನ್ನೆರಡು ದಿನದ ಪ್ರಯಾಣ. ಸಾಕಾಯಿತೇ ಎಂದು ಕೇಳಿದೆ.

"ಎಲ್ಲಿ ಸಾಕು. ಇನ್ನೂ ಒಳಗ ಹೊಳಿ ದಾಟಿ ಬ್ಯಾರೆ ಹೂ ಅದಾವಂತ. ಮುಂದಿನ ವರ್ಷ ಒಂದ ದಿನ ಮೊದಲ ಮುಟ್ಟಬೇಕು."

ಆದರೆ ಚಳಿಗಾಲದಲ್ಲಿ ಅಂಗಡಿಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಮಗ, ಸೊಸೆ ಕಲಬುರಗಿಯ ಆಸ್ಪತ್ರೆಗೆ ಒಯ್ದು ಉಳಿಸಿಕೊಂಡು ಬಂದರು. ಡಾಕ್ಟರು ನಡೆದಾಡಬೇಡಿ ಎಂದಿದ್ದರು. ಮಾರ್ಚ್‌ನಲ್ಲಿ ನೋಡಲು ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಕಾಲು ಮಾತ್ರ ಹೊದಿಕೆಯೊಳಗೆ ಅಲುಗುತ್ತಲೇ ಇತ್ತು. ಆ ಕಾಲನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಖಾಲಾ, ಹೋದ ವರ್ಷ ನಾ ರಜಾನ ಕೇಳಿರಲಿಲ್ಲ. ಸುಳ್ಳ ಹೇಳಿದೆ."

"ಗೊತ್ತದ" ಎಂದರು.

ಹೊದಿಕೆ ಸರಿಸಿ ನನ್ನ ಕಡೆ ತಿರುಗಿದರು.

"ನಿಮ್ಮ ಹೆಡ್ಮಾಸ್ತರು ಹಾರ ಒಯ್ಯಾಕ ಬಂದಿದ್ರು. ನಮ್ಮ ಟೀಚರಿಗೆ ರಜಾ ಕೊಡ್ರಿ ಸಾಹೇಬ್ರ ಅಂತ ಕೈ ಮುಗದೆ. ಯಾವ ರಜಾ, ಆಕಿ ಕೇಳೇ ಇಲ್ಲಲ್ಲ ಅಂದ್ರು."

"ಮತ್ತ ನನಗ ಯಾಕ ಬೈಲಿಲ್ಲ?"

ಮೊದಲ ಸಲ ಅವರು ನನ್ನನ್ನು ಏಕವಚನದಲ್ಲಿ ಕರೆದರು. "ಬೈದ್ರ ನೀ ನಾಚಿ ಬರತಿದ್ದಿ ಬೇಟಾ. ಬಂದು ದಾರಿ ತುಂಬ ಅಂಜತಿದ್ದಿ. ನಂದೂ ಒಂದ ಅಂಜಿಕಿ ಇತ್ತು. ಎರಡೂ ಹೊತ್ಕೊಂಡು ಗುಡ್ಡ ಹತ್ತಾಕ ಆಗ್ತಿರಲಿಲ್ಲ."

"ನಿಮಗೂ ಅಂಜಿಕಿ ಇತ್ತೇನ್ರಿ?"

"ದೆಹಲಿ ಸ್ಟೇಷನ್ನಿನಾಗ ಅತ್ತೀನಿ. ಯಾರಿಗೂ ಹೇಳಬ್ಯಾಡ."

ಆಮೇಲೆ ಶಬಾನಾಳಿಂದ ಹಾಳೆ, ಪೆನ್ನು ತರಿಸಿದರು. ಆಗಸ್ಟಿನ ರಜೆಗೆ ಈಗಲೇ, ತಮ್ಮ ಮುಂದೆಯೇ ಅರ್ಜಿ ಬರೆಯಬೇಕು ಎಂದರು. ಬರೆದೆ. ಓದು ಎಂದರು, ಓದಿದೆ. 'ಸ್ವಂತ ಕೆಲಸದ ನಿಮಿತ್ತ' ಎನ್ನುವಲ್ಲಿ ಕೈ ಎತ್ತಿ ತಡೆದರು.

"ಹಂಗ ಬ್ಯಾಡ. ಹೂ ನೋಡಾಕ ಅಂತ ಬರಿ."

ಹೊಡೆದುಹಾಕಿ ಹಾಗೆಯೇ ಬರೆದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು, ಓದಲು ಬರುವವರಂತೆ ಮೇಲಿಂದ ಕೆಳಗೆ ನೋಡಿ ಹಿಂದಿರುಗಿಸಿದರು. "ನಾನೂ ಬರ್ತೇನಿ. ಅಷ್ಟರಾಗ ಆರಾಮ ಆಗ್ತದ" ಎಂದರು. ಶಬಾನಾ ಬಾಗಿಲ ಕಡೆ ಮುಖ ತಿರುಗಿಸಿದಳು.

ಬೇಸಿಗೆ ಮುಗಿಯುವ ಮೊದಲೇ ಖಾಲಾ ಹೋದರು. ನಾನು ರಜೆಯಲ್ಲಿ ಕೊಳಕೂರಿನಲ್ಲಿದ್ದೆ. ಸುದ್ದಿ ತಿಳಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಅಂಗಳದಲ್ಲಿ ಶಬಾನಾ ಒಬ್ಬಳೇ ಕುಳಿತು, ಅತ್ತೆಗೆ ಹೊದಿಸಿದ ಹೂವಿನ ಚಾದರಕ್ಕೆ ಕಟ್ಟಿ ಉಳಿದ ಮಲ್ಲಿಗೆಯನ್ನು ಬುಟ್ಟಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನೂ ತುಂಬಿದೆ.

ಶಾಲೆ ಶುರುವಾದ ದಿನ ಅರ್ಜಿ ಕೊಟ್ಟೆ. ಹೆಡ್ಮಾಸ್ತರು ಎರಡು ಸಲ ಓದಿದರು. ಒಂದು ಮಾತೂ ಕೇಳದೆ ಸಹಿ ಹಾಕಿದರು.

ಆಗಸ್ಟಿನಲ್ಲಿ ಕಲಬುರಗಿಯಿಂದ ರೈಲು ಹೊರಟಿತು. ಕಿಟಕಿಯ ಸರಳನ್ನು ಬಿಡಲು ಧೈರ್ಯವಾಗುತ್ತಿರಲಿಲ್ಲ. ಎದುರಿನ ಸೀಟಿನ ಹಿರಿಯ ಹೆಂಗಸು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟು ವಿಚಾರಿಸಿದಳು.

"ಎಲ್ಲಿತನ ಹೊಂಟೀರಿ?"

"ಹಿಮಾಲಯಕ್ಕರಿ. ಹೂ ನೋಡಾಕ."

"ಒಬ್ಬರೇ ಹೊಂಟೀರೇನು?"

ನೀರು ಕುಡಿದು, "ಹೌದ್ರಿ" ಎಂದೆ.