ಗೌರಮ್ಮಜ್ಜಿಯ ಮಲ್ಲಿಗೆ ಅಳಿಸಿದವನು

ನಿಮ್ಮ ಫೋಟೋವನ್ನು ಕತ್ತರಿಸಿದ್ದು ಮಿಷನ್ ಅಲ್ಲ ಗೌರಮ್ಮಜ್ಜಿ, ನಾನು. ಕತ್ತರಿಸಿ, ಉಳಿದದ್ದನ್ನು ಒರೆಸಿ ಹಾಕಿದವನೂ ನಾನೇ. ಎರಡು ವರ್ಷ ಅದನ್ನು ಕಂಪ್ಯೂಟರಿನ ಮೇಲೆ ಹೊರಿಸಿ ಹಾಯಾಗಿದ್ದೆ. ಅದಕ್ಕೆ ಬಾಯಿಲ್ಲ. ನನಗಿದೆ — ಒಂದಲ್ಲ, ನಮ್ಮ ಪ್ರಿಂಟಿಂಗ್ ಪ್ರೆಸ್ಸಿನವರೆಲ್ಲರ ಬಾಯಿ. ಓನರ್ ಕೆಮ್ಮುವುದು, ಗಿರಾಕಿ ಗೊಣಗುವುದು, ಎಲ್ಲವನ್ನೂ ಅಣಕಿಸುವವನೆಂದೇ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ನನಗೆ ಹೆಸರು. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ: ಕೋಲಿನಂಥ ಕುತ್ತಿಗೆ, ಅದರ ಮೇಲೆ ಡಿಸೈನರ್ ಎಂಬ ಕೊಬ್ಬು.

ಪ್ರೆಸ್ಸಿಗೆ ಐವತ್ತು ತುಂಬಿದಾಗ ಓನರ್ ಸ್ಮರಣ ಸಂಚಿಕೆ ಮಾಡಿಸಿದರು. ಪುಟ ಜೋಡಿಸುವ ಕೆಲಸ ನನ್ನದು. ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಚಿಯೇ ಮುದುಕಿಯಾದ ನೀವು ಶಂಕರಪುರದಿಂದ ನಡೆದೇ ಬಂದು, ಸೆರಗಿನೊಳಗಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದಿರಿ. ಪ್ರೆಸ್ಸು ಶುರುವಾದ ದಿನದ್ದು. ಕುರ್ಚಿಗಳ ಮೇಲೆ ಓನರ್ ತಂದೆ, ಅತಿಥಿಗಳು. ಹಿಂದೆ ನಿಂತ ಕೆಲಸಗಾರರು. ಮುಂದೆ, ನೆಲದ ಮೇಲೆ, ನೀವೊಬ್ಬರೇ ಹೆಂಗಸು. ನೆತ್ತಿಯಾಚೆಯಿಂದ ಇಣುಕುವ ಮಲ್ಲಿಗೆ ದಂಡೆ.

"ನಾನು ಮಡಚಿದ್ ಪುಸ್ತಕಕ್ಕೆ ಲೆಕ್ಕ ಇಲ್ಲ ಕಣಪ್ಪ. ನಾನಿರೋ ಪುಸ್ತಕ ಒಂದೂ ಇಲ್ಲ. ಇದ್ರಲ್ಲಿ ಹಾಕ್ತೀಯಲ್ಲ?"

"ಹಾಕ್ತೀನಜ್ಜಿ. ನೀವೇ ಹೀರೋಯಿನ್ನು!"

ಸ್ಕ್ಯಾನ್ ಆಗುವವರೆಗೂ ಪಕ್ಕದಲ್ಲೇ ನಿಂತಿದ್ದು ಫೋಟೋ ವಾಪಸು ಒಯ್ದಿರಿ.

ಪುಟದಲ್ಲಿ ಫೋಟೋ ಕೂರಿಸಲು ಓನರ್ ಬಯಸಿದ ಫ್ರೇಮ್ ಅಗಲ ಜಾಸ್ತಿ, ಎತ್ತರ ಕಡಿಮೆ. ಫೋಟೋ ಹೆಚ್ಚುಕಡಿಮೆ ಚೌಕ. ಪೂರ್ತಿ ಕೂರಿಸಿದೆ, ಎಡಬಲದಲ್ಲಿ ಬಿಳಿ ಜಾಗ ಉಳಿಯಿತು. ಓನರ್ ನನ್ನ ಹೆಗಲ ಮೇಲಿಂದ ಬಗ್ಗಿದರು. "ಏನೋ ಇದು, ಬೋಳು ಬೋಳು? ಫ್ರೇಮ್ ತುಂಬ್ಸೋ." ಒಂದು ಕ್ಲಿಕ್ಕು. ಚಿತ್ರ ಹಿಗ್ಗಿತು. ಮೇಲೆ ಗೋಡೆ ಹೋಯಿತು, ಕೆಳಗೆ ನೀವು ಹೋದಿರಿ. ಪೂರ್ತಿ ಹೋಗಲಿಲ್ಲ — ಓನರ್ ತಂದೆಯ ಪಂಚೆಯ ಮುಂದೆ ನಿಮ್ಮ ನೆತ್ತಿ, ಆ ಮಲ್ಲಿಗೆ ಉಳಿದುಕೊಂಡಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ... ಫ್ರೇಮನ್ನೇ ಚಿತ್ರದ ಅಳತೆಗೆ ಎತ್ತರಿಸಬಹುದಿತ್ತು. ಕೆಳಗಿದ್ದ ಹೊಗಳಿಕೆಯ ನಾಲ್ಕು ಸಾಲು ಮುಂದಿನ ಪುಟಕ್ಕೆ ಜಾರುತ್ತಿತ್ತು, ಅಷ್ಟೇ! ಅದಕ್ಕೆ ಓನರ್ ಮುಂದೆ ಒಂದು ಮಾತು ಆಡಬೇಕಿತ್ತು. ಊರಿನವರ ಮಾತನ್ನೆಲ್ಲ ಆಡುವ ಈ ಬಾಯಿ ಆಗ ಹೊಲಿದುಕೊಂಡಿತ್ತು.

"ಆ ಹೂವೇನೋ ಅಸಹ್ಯವಾಗಿ? ಕ್ಲೀನ್ ಮಾಡು," ಎಂದರು ಓನರ್.

ಮಾಡಿದೆ. ಪಕ್ಕದ ಪಂಚೆಯ ಬಿಳಿ ಎಳೆದು ನಿಮ್ಮ ನೆತ್ತಿಗೆ ಬಳಿದೆ. ಸ್ಕ್ಯಾನ್ ಮಾಡಿದ ಫೈಲಿನ ಮೇಲೆಯೇ ಸೇವ್ ಮಾಡಿದೆ; ಮೊದಲಿನದು ಅಳಿಯಿತು. ಎಷ್ಟು ಚೊಕ್ಕ ಬಂತೆಂದರೆ — ಥೂ — ಹೆಮ್ಮೆಪಟ್ಟೆ.

ಅಚ್ಚಾದ ಹಾಳೆ ಮಡಚಲು ಮಿಷನ್ ಇದೆ. ಆದರೂ "ನಮ್ ಪ್ರೆಸ್ ಪುಸ್ತಕ, ನಾನೇ ಮಡಚ್ತೀನಿ" ಎಂದು ನೀವು ಬಂದು ಚಾಪೆಯ ಮೇಲೆ ಕುಳಿತಿರಿ. ಮೊದಲ ಹಾಳೆಯಲ್ಲಿ ಹುಡುಕಿದಿರಿ. ಕನ್ನಡಕ ಒರೆಸಿ ಮತ್ತೆ ಹುಡುಕಿದಿರಿ.

"ನಾನೆಲ್ಲಪ್ಪ?"

"ಕಂಪ್ಯೂಟರ್ ಕಟ್ ಮಾಡ್ಬಿಡ್ತು ಅಜ್ಜಿ. ಫ್ರೇಮ್‌ಗೆ ಹಿಡಿಸ್ಲಿಲ್ಲ."

"ಮಿಷನ್ನಾ? ಬಿಡು, ಅದಕ್ಕೇನ್ ಗೊತ್ತಾಗುತ್ತೆ. ನಮ್ ಕಟಿಂಗ್ ಮಿಷನ್ನೂ ಎಷ್ಟೋ ಸಲ ಅಕ್ಷರಾನೇ ತಿಂದ್ಹಾಕಿದೆ."

ಆಮೇಲೆ ಮಡಚಿದಿರಿ. ನೀವಿಲ್ಲದ ಆ ಪುಟವನ್ನು, ಮೂಲೆಗೆ ಮೂಲೆ ಕೂಡಿಸಿ, ಉಗುರಿನಿಂದ ತೀಡಿ, ಕೊನೆಯ ಪ್ರತಿಯವರೆಗೆ. ನಾನು ಎದುರಲ್ಲೇ ಕುಳಿತು ನೋಡಿದೆ. ಮಧ್ಯಾಹ್ನ ಟೀ ಅಂಗಡಿಯಲ್ಲಿ ಕನ್ನಡಕ ಒರೆಸಿದಂತೆ ಮಾಡಿ, ನಿಮ್ಮ ದನಿಯಲ್ಲಿ, "ನಾನೆಲ್ಲಪ್ಪ?" ಎಂದೆ. ಎಲ್ಲರೂ ನಕ್ಕರು. ಒನ್ಸ್ ಮೋರ್ ಎಂದರು. ಮತ್ತೊಮ್ಮೆ ಮಾಡಿದೆ!

ಓನರ್ ಮೇಲೆ ಈಗಲೂ ಮೈ ಉರಿಯುತ್ತದೆ. ಆದರೆ ಮೌಸ್ ಅವರ ಕೈಯಲ್ಲಿರಲಿಲ್ಲ.

ಮೊನ್ನೆ ಆ ಪುಟದ ಹಳೆಯ ಫೈಲು ತೆರೆದೆ. ಫ್ರೇಮ್ ಏನನ್ನೂ ಕತ್ತರಿಸುವುದಿಲ್ಲ ಅಜ್ಜಿ, ಮರೆಮಾಡುತ್ತದೆ ಅಷ್ಟೇ. ಅಂಚು ಹಿಡಿದು ಕೆಳಗೆಳೆದರೆ ಉಳಿದ ಚಿತ್ರ ಹಾಗೆಯೇ ಹೊರಬರುತ್ತದೆ. ನನಗೆ ಇದು ಮೊದಲ ದಿನದಿಂದ ಗೊತ್ತು. ಎಳೆದೆ. ಬಂದಿರಿ. ಮಡಿಲಲ್ಲಿ ಕೂಡಿಸಿದ ಕೈ, ನಗುವ ಬಾಯಿ, ಎರಡು ಕಣ್ಣು — ಅಲ್ಲಿಂದ ಮೇಲೆ ಪಂಚೆಯ ಬಿಳಿ. ಮಿಷನ್ ನಿಮ್ಮನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ನಾನು ಬಳಿದಷ್ಟು ಮಾತ್ರ ಇರಲಿಲ್ಲ.

ಅದನ್ನು ಹಾಗೆಯೇ ಪ್ರಿಂಟ್ ತೆಗೆದಿದ್ದೇನೆ. ತಿದ್ದಲಿಲ್ಲ; ತಿದ್ದಿದರೆ ಇನ್ನೊಂದು ಸಲ ಬಳಿದಂತೆ. ಭಾನುವಾರ ಶಂಕರಪುರಕ್ಕೆ ತಂದು ನಿಮ್ಮ ಕೈಗಿಟ್ಟು, ಇದು ನಾನು ಮಾಡಿದ್ದು ಎನ್ನುತ್ತೇನೆ — ನನ್ನದೇ ದನಿಯಲ್ಲಿ. ನೀವು ಬೈಯಿರಿ. ಆ ಬೈಗುಳವನ್ನು ಟೀ ಅಂಗಡಿಯಲ್ಲಿ ಯಾರಿಗೂ ಮಾಡಿ ತೋರಿಸುವುದಿಲ್ಲ.